ಕುದುರೆ ವೈದ್ಯದ ಕಟ್ಟು

ಬಹುಕಾಲದ ಹಿಂದೆ, ಮೃಗಗಳೂ ರಾಜನ ಚಾಕರಿಯಲ್ಲಿದ್ದ ದಿನಗಳಲ್ಲಿ, ಮಣಿಸಾಲೆ ಎಂಬ ರಾಜ್ಯದಲ್ಲಿ ಬೊಮ್ಮಶೆಟ್ಟಿ ಎಂಬ ಮೆಣಸಿನ ವ್ಯಾಪಾರಿಯಿದ್ದ. ಅವನ ಹೆಂಡತಿ ಪದುಮಲೆಯನ್ನು ಧೂಮಾಕ್ಷನೆಂಬ ಮಾಂತ್ರಿಕ ಗೊರವಂಕ ಹಕ್ಕಿಯಾಗಿ ಮಾಡಿಬಿಟ್ಟ. ಹಕ್ಕಿ ಮಾತಾಡುತ್ತಿತ್ತು, ಆದರೆ ದಿನದಿನಕ್ಕೂ ಒಂದಷ್ಟು ಮರೆಯುತ್ತಿತ್ತು. ಅಮಾವಾಸ್ಯೆಯ ಹೊತ್ತು ಮುಳುಗಿದರೆ ಎಲ್ಲ ಮರೆತು ಹಕ್ಕಿಯಾಗಿಯೇ ಉಳಿಯುವಳು. ಬಿಡಿಸುವ ಮಂತ್ರ 'ಶಾಪಮೋಚನ' ಎಂಬ ಗ್ರಂಥದಲ್ಲಿದೆ, ಅದು ಧೂಮಾಕ್ಷನ ಗುರುವಿನ ಮನೆಯಿಂದ ಅರಮನೆಯ ಓಲೆಭಂಡಾರಕ್ಕೆ ಬಂದಿದೆ ಎಂದು ಜೋಯಿಸರೊಬ್ಬರು ಹೇಳಿದರು.

ಹಕ್ಕಿಯನ್ನು ಪಂಜರದಲ್ಲಿಟ್ಟುಕೊಂಡು ಬೊಮ್ಮಶೆಟ್ಟಿ ಹೊರಟ. ಭಂಡಾರದ ಬಾಗಿಲಲ್ಲಿ ಸಿಂಹದ ಮೈ, ಆನೆಯ ಸೊಂಡಿಲಿನ ಯಾಳಿ ಕೂತಿತ್ತು. ಇಲ್ಲಿ ಮೊದಲೇ ಓದಿದವರೊಬ್ಬರ ಪತ್ರ ತಂದರೆ ಮಾತ್ರ ಒಳಗೆ ಬಿಡುವುದು ಎಂದಿತು. ಬೊಮ್ಮಶೆಟ್ಟಿ ಎರಡು ದಿನ ನಡೆದು ಜೋಯಿಸರ ಪತ್ರ ತಂದ. ಯಾಳಿ ಅದನ್ನು ಓದಿ ನೋಡಿ, ಹಕ್ಕಿಗೆ ಒಳಗೆ ಪ್ರವೇಶವಿಲ್ಲ ಎಂದಿತು. ಇದನ್ನು ಮೊನ್ನೆಯೇ ಹೇಳಬಾರದಿತ್ತೇ ಎಂದುಕೊಳ್ಳುತ್ತ ಪಂಜರವನ್ನು ಹೊರಗಿನ ಹೊಂಗೆಮರಕ್ಕೆ ತೂಗುಹಾಕಿದ.

ಒಳಗೆ ಗ್ರಂಥಗಳ ಪಟ್ಟಿಯೆಲ್ಲ ಏಳು ಹೆಡೆಯ ಸರ್ಪದ ಬಾಯಲ್ಲಿತ್ತು. ಶಾಪಮೋಚನ ಬೇಕೆಂದ. ಏಳೂ ಹೆಡೆ ಅತ್ತಿತ್ತ ಆಡಿದವು, ಇಲ್ಲ. ಮರುದಿನ ಕೇಳಿದ; ಇಲ್ಲ. ಮೂರನೆಯ ದಿನವೂ ಇಲ್ಲ. ಆ ಸಂಜೆ ಪಂಜರದೊಳಗಿಂದ ಹಕ್ಕಿ ಕೇಳಿತು: "ಯಾರಪ್ಪ ನೀನು, ಕಾಳು ತಂದೆಯಾ?"

ಬೆಳಗಾಗುತ್ತಲೇ ಅವನು ಸರ್ಪದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. "ಸ್ವಾಮಿ, ನಿಮ್ಮಲ್ಲಿ ಒಂದು ಗ್ರಂಥಕ್ಕೆ ಒಂದು ಕಟ್ಟೋ ಹೇಗೆ?"

"ಹಾಗೆಲ್ಲಿ ಆಗುತ್ತದೆ? ಓಲೆಗಳ ಅಳತೆ ಹೊಂದಿದರೆ ನಾಲ್ಕು ಗ್ರಂಥ ಸೇರಿಸಿ ಒಂದೇ ದಾರದಲ್ಲಿ ಕಟ್ಟುತ್ತೇವೆ. ಪಟ್ಟಿಯಲ್ಲಿ ಮೊದಲನೆಯದರ ಹೆಸರು ಮಾತ್ರ."

"ಮೂರು ದಿನದಿಂದ ಇದನ್ನು ಹೇಳಲಿಲ್ಲವಲ್ಲ."

"ನೀವು ಕೇಳಲಿಲ್ಲವಲ್ಲ."

ಬೊಮ್ಮಶೆಟ್ಟಿ ಹಲ್ಲು ಕಚ್ಚಿದ. ಮೂಟೆಯ ಮೇಲೆ ಬರೆದ ಹೆಸರನ್ನು ಯಾವ ವ್ಯಾಪಾರಿಯೂ ನಂಬುವುದಿಲ್ಲ, ಎಲ್ಲಿಂದ ಬಂದ ಮಾಲು ಎಂದು ವಿಚಾರಿಸುತ್ತಾನೆ. ಧೂಮಾಕ್ಷನ ಗುರುವಿನ ಮನೆಯಿಂದ ಬಂದ ಕಟ್ಟು ಯಾವುದೆಂದು ಕೇಳಿದ. ಕೊನೆಯ ಹೆಡೆ ಥಟ್ಟನೆ ಹೇಳಿತು: 'ಕುದುರೆ ವೈದ್ಯ.'

ತರುವ ಕೆಲಸ ಆಮೆಯದು. ಏಳನೆಯ ನೆಲಮಾಳಿಗೆಯಿಂದ ಅದು ಮೇಲೆ ಬರುವಾಗ ಮೂರು ದಿನ ಕಳೆದು, ಅಮಾವಾಸ್ಯೆಯ ಮಧ್ಯಾಹ್ನ ಇಳಿದಿತ್ತು. ಕೈ ತೊಳೆದು ಬನ್ನಿ ಎಂದಿತು. ತೊಳೆದು ಬಂದ. ಒರೆಸಿಕೊಂಡು ಬನ್ನಿ ಎಂದಿತು. ಒರೆಸಿಕೊಂಡು ಬಂದ. ನಕಲು ಮಾಡುವಂತಿಲ್ಲ, ಹೊರಗೆ ಒಯ್ಯುವಂತಿಲ್ಲ, ಒಳಗೆ ತುಟಿ ಅಲುಗಿಸುವಂತಿಲ್ಲ. ಕುದುರೆಯ ಹೊಟ್ಟೆನೋವು, ಗೊರಸಿನ ಹುಣ್ಣು ಎಲ್ಲ ದಾಟಿದ ಮೇಲೆ ಶಾಪಮೋಚನ ಸಿಕ್ಕಿತು. ಮಂತ್ರ ನಾಲ್ಕೇ ಸಾಲು. ಏಳು ಸಲ ಕಣ್ಣಾಡಿಸಿ ತಲೆಯಲ್ಲಿ ಇಟ್ಟುಕೊಂಡು ಎದ್ದ. ಕಟ್ಟನ್ನು ಇದ್ದ ಹಾಗೆ ಕಟ್ಟಿ ಹೋಗಿ ಎಂದಿತು ಆಮೆ. ಕಟ್ಟಿದ. ಗಂಟು ಸರಿಯಿಲ್ಲ ಎಂದಿತು. ಬಿಚ್ಚಿ ಮತ್ತೆ ಕಟ್ಟಿ ಓಡಿದ.

ಸೂರ್ಯ ಬೆಟ್ಟ ಮುಟ್ಟಿದ್ದ. ಹೊಂಗೆಮರದ ಕೆಳಗೆ ನಿಂತು ಬೊಮ್ಮಶೆಟ್ಟಿ ಮಂತ್ರ ಹೇಳಿದ. ಅತ್ತ ಧೂಮಾಕ್ಷನ ಕೈಯಲ್ಲಿದ್ದ ದಂಡ ಬೂದಿಯಾಯಿತು, ಅವನೂ ಬೂದಿಯಾದ. ಅವನ ತೋಟದ ಹಕ್ಕಿಗಳೆಲ್ಲ ಮನುಷ್ಯರಾಗಿ ತಂತಮ್ಮ ಊರಿನ ದಾರಿ ಹಿಡಿದರು. ಇತ್ತ ಪಂಜರ ಮುರಿದು ಪದುಮಲೆ ನಿಂತಳು.

ಬೊಮ್ಮಶೆಟ್ಟಿ ಹತ್ತಿರ ಹೋದ. "ನಾನು ಯಾರು, ಹೇಳು ನೋಡೋಣ," ಎಂದ.

ಪದುಮಲೆ ಸೆರಗು ಸರಿಮಾಡಿಕೊಂಡಳು. "ಗಂಡನ ಹೆಸರನ್ನು ನನ್ನ ಬಾಯಲ್ಲಿ ಹೇಳಿಸಬೇಕೆಂದಿದ್ದೀರಾ? ಅದೊಂದು ಆಗದ ಮಾತು."

ಅಂದಿನಿಂದ ಇಬ್ಬರೂ ಉಂಡುಟ್ಟು ನೂರು ವರ್ಷ ಸುಖವಾಗಿದ್ದರು. ಅವಳು ಕೊನೆಯವರೆಗೂ ಆ ಹೆಸರು ಹೇಳಲಿಲ್ಲ.