ಗೀರಿಗೆ ಗೀರು

ಜನ ಅತ್ತದ್ದನ್ನು ಮಾತ್ರ ಸೊನೆದಾನಿಗೆ ಸಹಿಸಲಾಗಲಿಲ್ಲ.

ಹಾಯಾಸೆ ಎಂಬ ರಾಕ್ ತಂಡ ಒಡೆದು ಚೆಲ್ಲಾಪಿಲ್ಲಿಯಾಗಿ ಬಹಳ ಕಾಲವಾಗಿತ್ತು. ಅದರ ಹಾಡುಗಳನ್ನು ರೆಕಾರ್ಡಿನಲ್ಲಿ ಇದ್ದ ಹಾಗೇ ನುಡಿಸುವುದು ಸೊನೆದಾನ 'ಎರಡನೇ ಹಾಯಾಸೆ' ತಂಡದ ಕಸುಬು. ಒಸಾಕಾದ ಜೂಸೋದಲ್ಲಿ, ಮಿಸುಜು ಅಕ್ಕನ ನೆಲಮಾಳಿಗೆಯ ಲೈವ್‌ಹೌಸಿನಲ್ಲಿ, ಎಂದರೆ ಕುಡಿಯುತ್ತ ಹಾಡು ಕೇಳುವ ಪುಟ್ಟ ಬಾರಿನಲ್ಲಿ, ಅವರಿಗೆ ಕಾಯಂ ಜಾಗವಿತ್ತು. ಕಳೆದ ವಸಂತದ ಒಂದು ಸಂಜೆ, ಅಸಲಿ ಹಾಯಾಸೆಯ ಗಿಟಾರ್ ವಾದಕ ಉಕಾಯ್ ಹೇಳದೆ ಕೇಳದೆ ತನ್ನ ಹಳೆಯ ಗಿಟಾರ್ ಹೊತ್ತು ಮೆಟ್ಟಿಲಿಳಿದು ಬಂದ. ಬೀರಿನ ಗ್ಲಾಸು ಕೆಳಗಿಟ್ಟು, ವೇದಿಕೆ ಹತ್ತಿ, ಒಂದೇ ಒಂದು ಹಾಡು ನುಡಿಸಿದ. ನಡುವೆ ಎಡವಿದ. ಎರಡನೇ ಚರಣ ಮರೆತು ತಾನೇ ನಕ್ಕ. ಸೊನೆದಾ ಇಷ್ಟು ವರ್ಷ ಒಮ್ಮೆಯೂ ತಪ್ಪದೆ ಹಿಡಿದ ಸ್ವರಗಳನ್ನು ಆ ಮುದುಕ ಸಲೀಸಾಗಿ ನುಂಗಿಬಿಟ್ಟ. ಆದರೂ ಮುಂದಿನ ಸಾಲಿನ ಹೆಂಗಸರು ಕರವಸ್ತ್ರ ತೆಗೆದರು.

"ನೀನು ನುಡಿಸಿದ್ರೆ ಎಲ್ಲ ಸರಿಯಾಗಿರುತ್ತೆ ಕಣೋ," ಎಂದಳು ಮಿಸುಜು, ಗ್ಲಾಸು ಒರೆಸುತ್ತ. "ಜನಕ್ಕೆ ಅವರ ಕಾಲೇಜಿನ ದಿನಗಳು ಹಾಗ್ಹಾಗೇ ವಾಪಸ್ ಸಿಗುತ್ವೆ. ಖುಷಿಯಾಗಿ ಮನೆಗೆ ಹೋಗ್ತಾರೆ. ಆದ್ರೆ..."

"ಆದ್ರೆ ಏನಕ್ಕ?"

"ಅವನು ನುಡಿಸಿದಾಗ ಮೈ ಜುಮ್ಮಂತು. ನಾನೇನು ಮಾಡ್ಲಿ ಹೇಳು?"

ಆ ಮಾತು ಮೀನಿನ ಮುಳ್ಳಿನಂತೆ ಗಂಟಲಲ್ಲಿ ಸಿಕ್ಕಿಕೊಂಡಿತು. ಸೊನೆದಾ ಮನೆಯಲ್ಲಿ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಲೆಕ್ಕ ಹಾಕಿದ. ಕೈ ತನ್ನದೇ ಮೇಲು. ಹಾಡು ಅದೇ. ಜನವೂ ಅವರೇ. ಇನ್ನು ಉಳಿದದ್ದು ಗಿಟಾರ್ ಒಂದೇ. ಹಾಗಾದರೆ ಆ ಜುಮ್ಮೆನ್ನುವುದು ಆ ಮರದೊಳಗೇ ಇದೆ. ಅದು ಬೆಲೆ ತಿಳಿಯದ ಕುಡುಕನ ಹೆಗಲಲ್ಲಿ ನೇತಾಡುತ್ತಿದೆ. ಇಷ್ಟು ತೀರ್ಮಾನವಾದ ಮೇಲೆ ಕದಿಯುವುದು ಅವನಿಗೆ ಕಳ್ಳತನ ಎನ್ನಿಸಲೇ ಇಲ್ಲ.

ಉಕಾಯ್‌ಗೆ ಆ ಜಾಗ ರುಚಿ ಹತ್ತಿತ್ತು. ಅಭ್ಯಾಸದ ದಿನಗಳಲ್ಲಿ ಮೂಲೆಯಲ್ಲಿ ಕುಳಿತು, ಸೊನೆದಾನನ್ನು 'ನಕಲಿ' ಎಂದು ಎಲ್ಲರೆದುರಿಗೂ ಪ್ರೀತಿಯಿಂದಲೇ ಕರೆಯುತ್ತಿದ್ದ. ಒಂದು ದಿನ ಗಂಟುಗಟ್ಟಿದ ಬೆರಳುಗಳನ್ನು ಚಾಚಿ ತೋರಿಸಿದ. "ನಕಲಿ, ತಂತಿ ಬದಲಿಸಿಕೊಡ್ತೀಯೇನೋ? ನನ್ನ ಕೈಲಿ ಆಗ್ತಿಲ್ಲ."

"ಮನೆಗೆ ಒಯ್ದು ಚೆನ್ನಾಗಿ ಒರೆಸಿ ತಂದುಕೊಡ್ತೀನಿ, ಗುರುಗಳೇ," ಎಂದ ಸೊನೆದಾ, ತಲೆ ಬಾಗಿಸಿ.

ಒರೆಸಿದ, ನಿಜ. ಒರೆಸುವ ಮೊದಲು ತೂಕ ಮಾಡಿದ, ಎಲ್ಲ ಕೋನಗಳಿಂದ ಫೋಟೋ ತೆಗೆದ. ತಂತಿ ಬದಲಿಸಿ ಗಿಟಾರನ್ನು ಮುದುಕನಿಗೆ ಹಿಂದಿರುಗಿಸಿದ. ವೇದಿಕೆಯಲ್ಲಿ ಅವನು ಬಳಸುವ ಗಿಟಾರ್ ಉಕಾಯ್‌ನದರ ನಕಲೆಂಬುದು ಎಲ್ಲರಿಗೂ ಗೊತ್ತಿದ್ದದ್ದು. ಈಗ ಯಾರಿಗೂ ಗೊತ್ತಿಲ್ಲದ ಇನ್ನೊಂದನ್ನು ಅಡುಗೆಮನೆಯಲ್ಲಿ ಹುಟ್ಟಿಸತೊಡಗಿದ. ಬೆಲ್ಟಿನ ಬಕಲ್ ತಾಗಿ ಆದ ಗೀರಿಗೆ ಗೀರು. ಸಿಗರೇಟು ಸುಟ್ಟ ಕಲೆಗೆ ಕಲೆ. ಬೆವರಿಗೆ ಹಳದಿಯಾದ ಕಡೆ ಕಡುಚಹಾ ಹಚ್ಚಿದ. ಹಿಂಬದಿಯಲ್ಲಿ ವೈರುಗಳನ್ನು ಮುಚ್ಚುವ ಸಣ್ಣ ಮುಚ್ಚಳವಿತ್ತು. ಅದರ ಸ್ಕ್ರೂಗಳ ತಲೆಗಳು ಸವೆದುಹೋಗಿದ್ದವು. ಹೊಸ ಸ್ಕ್ರೂ ತಂದು, ಅವುಗಳ ತಲೆಯನ್ನೂ ಹಾಗೆಯೇ ಕೆರೆದು ಕೆರೆದು ಹಾಳುಮಾಡಿದ. ಆ ಕೆಲಸಕ್ಕೆ ಇಡೀ ಭಾನುವಾರ ಹಿಡಿಯಿತು, ಮುಗಿದಾಗ ಅವನಿಗೆ ಹೆಮ್ಮೆಯೆನಿಸಿತು. ಏಕೆ ಎಂದು ಕೇಳುವ ಅಭ್ಯಾಸ ಅವನ ಕಸುಬಿನಲ್ಲಿ ಇರಲಿಲ್ಲ. ಹೇಗೆ ಎಂಬುದಷ್ಟೇ ಅವನಿಗೆ ಬೇಕಿತ್ತು.

ಎರಡನೇ ಹಾಯಾಸೆಯ ವಾರ್ಷಿಕೋತ್ಸವಕ್ಕೆ ಉಕಾಯ್ ಬಂದು ನುಡಿಸುವುದೆಂದು ನಿಶ್ಚಯವಾಯಿತು. ಉತ್ಸವದ ದಿನ ಮಧ್ಯಾಹ್ನ ಅಭ್ಯಾಸ ಮುಗಿಸಿ ಎಲ್ಲರೂ ಉದೋನ್ ನೂಡಲ್ಸ್ ತಿನ್ನಲು ಹೊರಟರು. ವಾದ್ಯಗಳು ವೇದಿಕೆಯ ಮೇಲೇ ಉಳಿದವು, ಯಾವಾಗಲೂ ಉಳಿಯುವಂತೆ. ಆ ನೆಲಮಾಳಿಗೆಯಲ್ಲಿ ತಂತಿ ಮೀಟುವ ಒಂದು ಪಿಕ್ ಸಹ ಕಳೆದುಹೋದ ಉದಾಹರಣೆ ಇರಲಿಲ್ಲ. ಆಂಪ್ಲಿಫೈಯರ್ ಆರಿಸುವ ನೆಪದಲ್ಲಿ ಹಿಂದೆ ಉಳಿದ ಸೊನೆದಾ ಹೊಸದನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ. ಅಸಲಿಯನ್ನು ಹಿತ್ತಲ ಬಾಗಿಲಿನಿಂದ ಒಯ್ದು ತನ್ನ ವ್ಯಾನಿನಲ್ಲಿ, ಡ್ರಮ್ಮಿಗೆ ಹೊದಿಸುವ ಕಂಬಳಿಯ ಕೆಳಗೆ ಮಲಗಿಸಿದ. ಉಳಿದವರ ಉದೋನ್ ಬರುವ ಹೊತ್ತಿಗೆ ಅವನೂ ಮೇಜಿಗೆ ಬಂದು ಕೂತಿದ್ದ.

ಆದರೆ ಒಂದೆಳೆ ಉದೋನೂ ಇಳಿಯಲಿಲ್ಲ. ಮೇಜಿನ ಕೆಳಗೆ ಮೊಣಕಾಲು ತಾನಾಗಿ ಕುಣಿಯುತ್ತಿತ್ತು.

"ಏನೋ ನಕಲಿ, ಮೊದಲ ಸಲ ಸ್ಟೇಜ್ ಹತ್ತೋನ ಥರ ನಡುಗ್ತಿದ್ದೀಯಲ್ಲ?" ಎಂದ ಉಕಾಯ್.

"ಹಸಿವಿಲ್ಲ ಗುರುಗಳೇ, ಅಷ್ಟೇ."

"ಹಾಗಾದ್ರೆ ಆ ಕರಿದ ತೋಫು ಈ ಕಡೆ ದಾಟಿಸು. ದೇವರು ಮೆಚ್ಚೋಲ್ಲ, ಚೆಲ್ಲಬಾರದು."

ಸಂಜೆ ನೆಲಮಾಳಿಗೆ ಕಿಕ್ಕಿರಿಯಿತು. ಸೊನೆದಾ ಎಂದಿನಂತೆ ಒಂದು ಸ್ವರವೂ ತಪ್ಪದೆ ನುಡಿಸಿದ. ಜನ ಎಂದಿನಂತೆ ಸಂತೋಷದಿಂದ ಜೊತೆಗೂಡಿ ಹಾಡಿದರು. ಆಮೇಲೆ ಉಕಾಯ್ ಹತ್ತಿ ಬಂದು, ಸ್ಟ್ಯಾಂಡಿನ ಮೇಲಿದ್ದ ಗಿಟಾರನ್ನು ಹೆಗಲಿಗೇರಿಸಿದ. ಮುದುಕ ಏನನ್ನೂ ಗಮನಿಸಲಿಲ್ಲ. ಕಣ್ಣು ಮುಚ್ಚಿದ, ನುಡಿಸಿದ, ಎಡವಿದ, ಎರಡನೇ ಚರಣ ಮತ್ತೆ ಮರೆತ.

ಮತ್ತೆ ಕರವಸ್ತ್ರಗಳು ಹೊರಬಂದವು. ಬಾರಿನ ಕಟ್ಟೆಯ ಹಿಂದೆ ನಿಂತಿದ್ದ ಮಿಸುಜು ಜುಮ್ಮೆಂದ ಎರಡೂ ತೋಳು ಉಜ್ಜಿಕೊಂಡಳು.

ಸೊನೆದಾ ತನ್ನ ಅಡುಗೆಮನೆಯಲ್ಲಿ ಹುಟ್ಟಿದ ಆ ಮರವನ್ನು ನೋಡುತ್ತ ನಿಂತ. ಚಹಾ ಬಳಿದ ಮರ. ಹಾಗಾದರೆ ವ್ಯಾನಿನಲ್ಲಿ ಮಲಗಿರುವುದರೊಳಗೆ ಏನೂ ಇಲ್ಲ. ಅಳು ಬಂದಂತಾಯಿತು. ಈಗಲೇ ಓಡಿಹೋಗಿ ತಂದಿಟ್ಟುಬಿಡಲೇ? ಆದರೆ ಮುದುಕನ ಹೆಗಲಿನಿಂದ ಇದನ್ನು ಇಳಿಸುವುದು ಹೇಗೆ?

ದಾರಿಯನ್ನು ಉಕಾಯನೇ ತೋರಿಸಿಕೊಟ್ಟ. "ಇವತ್ತಿಗೆ ನನ್ನದು ಮುಗೀತು," ಎಂದ ಮೈಕಿನಲ್ಲಿ. "ಬೆರಳು ಕೇಳ್ತಿಲ್ಲ. ನಾನು ಮರೆತ ಹಾಡುಗಳನ್ನೆಲ್ಲ ಇಷ್ಟು ವರ್ಷ ನೆನಪಿಟ್ಟುಕೊಂಡೋನು ಈ ನಕಲಿ. ಹಾಗಾಗಿ ಈ ಗಿಟಾರ್ ಇನ್ಮೇಲೆ ಅವನದು."

ನೆಲಮಾಳಿಗೆ ಚಪ್ಪಾಳೆಯಿಂದ ಅದುರಿತು. ಸೊನೆದಾ ನಡು ಬಗ್ಗಿಸಿ ನಮಸ್ಕರಿಸಿದ. ಬಗ್ಗಿದ್ದರಿಂದಲೇ ಅವನ ನಗು ಯಾರಿಗೂ ಕಾಣಲಿಲ್ಲ. ಕದ್ದದ್ದು ಅವನಿಗೇ ದಾನವಾಗಿ ಬಂದಿತ್ತು. ನಕಲೂ ಅವನ ಮನೆಗೆ, ಅಸಲೂ ಅವನ ಮನೆಗೆ. ಇನ್ನು ಯಾರು ಏನನ್ನು ಹುಡುಕುತ್ತಾರೆ? ಮಧ್ಯಾಹ್ನದಿಂದ ಕುಣಿಯುತ್ತಿದ್ದ ಮೊಣಕಾಲು ಈಗ ನಿಂತಿತು. ಅವನು ಎರಡೂ ಕೈ ಚಾಚಿದ.

"ತಡಿಯೋ, ಒಳಗಿರೋದು ಮಾತ್ರ ನಂದು," ಎಂದು ಉಕಾಯ್ ಗಿಟಾರನ್ನು ಬೋರಲು ಮಲಗಿಸಿ, ಡ್ರಮ್ಮಿನವನಿಂದ ಸ್ಕ್ರೂಡ್ರೈವರ್ ಇಸಿದುಕೊಂಡ. "ಸುಮಿಯೋಶಿ ದೇವಸ್ಥಾನದ ರಕ್ಷೆ. ಮೊದಲು ಅಮ್ಮ ತಂದುಕೊಡ್ತಿದ್ದಳು, ಅವಳು ಹೋದ ಮೇಲೆ ನಾನೇ ತರ್ತೀನಿ. ಪ್ರತಿ ಹೊಸ ವರ್ಷಕ್ಕೆ ಇದನ್ನು ಬಿಚ್ಚಿ, ಹಳೇದನ್ನು ದೇವಸ್ಥಾನಕ್ಕೆ ಒಪ್ಪಿಸಿ, ಹೊಸದನ್ನ ಇಡ್ತೀನಿ. ನೋಡಿ, ಬಿಚ್ಚಿ ಬಿಚ್ಚಿ ಸ್ಕ್ರೂ ತಲೆಯೆಲ್ಲ ಹೇಗೆ ಸವೆದುಹೋಗಿದೆ! ಒಬ್ಬರ ರಕ್ಷೆ ಇನ್ನೊಬ್ಬರಿಗೆ ಆಗಿಬರೋಲ್ಲ, ತಕ್ಕೊಂಡು ಕೊಟ್ಟುಬಿಡ್ತೀನಿ." ಜನ ನಕ್ಕರು. ಮುಚ್ಚಳ ಎದ್ದುಬಂತು. ಒಳಗೆ ಹೊಸ ವೈರುಗಳು ಥಳಥಳ ಹೊಳೆಯುತ್ತಿದ್ದವು, ಬೇರೇನೂ ಇರಲಿಲ್ಲ. ಉಕಾಯ್ ಗಿಟಾರನ್ನು ದೀಪದ ಕಡೆ ತಿರುಗಿಸಿ, ಗಂಟುಗಟ್ಟಿದ ಬೆರಳನ್ನು ಒಳಗೆ ತೂರಿಸಿ ತಡಕಿದ. ನಂತರ ಬಕಲಿನ ಗೀರಿನ ಮೇಲೂ ಅದರ ಪಕ್ಕದ ಹಳದಿ ಕಲೆಯ ಮೇಲೂ ಹೆಬ್ಬೆರಳಾಡಿಸಿ, ಬೆರಳನ್ನು ಮೂಗಿನ ಹತ್ತಿರ ಒಯ್ದು ಮೂಸಿ ನೋಡಿದ; ಚಹಾದ ವಾಸನೆ. ಮೈಕು ಇನ್ನೂ ಆನ್ ಆಗಿಯೇ ಇತ್ತು. "ನಕಲಿ," ಎಂದ ಮೆಲ್ಲಗೆ, "ನನ್ನ ಗಿಟಾರ್ ಎಲ್ಲಿ?"