ಹಸಿರು ಪೊಟ್ಟಣ

ರಾತ್ರಿ ಎರಡರ ಸುಮಾರಿಗೆ ಪಾಠದ ಕೋಣೆಯೊಳಗಿಂದ 'ಟಿಣ್' ಎಂದು ಕೇಳಿತು. ಒಂದೇ ಸಲ. ಗಸ್ತಿನಲ್ಲಿದ್ದ ಕಾವಲುಗಾರ್ತಿ ವೆಂಗ್ ನಿಂತಲ್ಲೇ ನಿಂತಳು. ತೈನಾನ್ ಹೊರವಲಯದ ಆ ಮಹಿಳಾ ಕಾರಾಗೃಹದ ಒಳಗೆ ಇಂಟರ್ನೆಟ್ಟಿಗೆ ಕಾನೂನಿನ ನಿಷೇಧವಿದೆ. ಬೀಗ ಹಾಕಿದ ಕೋಣೆಯಲ್ಲಿದ್ದದ್ದು ಕೈದಿಗಳು ಓದುವ ಟ್ಯಾಬ್‌ಗಳು, ಅವನ್ನು ಚಾರ್ಜಿಗಿಡುವ ಕಬ್ಬಿಣದ ಪೆಟ್ಟಿಗೆ, ಅಷ್ಟೆ.

ಕೋಣೆಯೊಳಗೆ ಯಾರೋ ಫೋನ್ ಬಚ್ಚಿಟ್ಟಿದ್ದಾರೆ ಎಂದು ಬೆಳಿಗ್ಗೆ ಠಾಣೆಗೆ ಬಂದ ದೂರಿನಲ್ಲಿ ಆರೋಪಿಯ ಹೆಸರೂ ಸಿದ್ಧವಾಗಿತ್ತು: ಕೈದಿ ಝುವಾಂಗ್ ಸು-ಯುನ್. ಪ್ರತಿ ಸಂಜೆ ಟ್ಯಾಬ್‌ಗಳನ್ನು ಪೆಟ್ಟಿಗೆಯಲ್ಲಿ ಜೋಡಿಸಿಡುವವಳು. ಇನ್‌ಸ್ಪೆಕ್ಟರ್ ಜಿಯಾನ್ ಪೇ-ಝೆನ್ ಎಫ್‌ಐಆರ್ ದಾಖಲಿಸಿಕೊಂಡಳು, ಹೆಸರಿನ ಜಾಗದಲ್ಲಿ 'ಅಪರಿಚಿತರು' ಎಂದು ಬರೆಸಿದಳು.

"ಫೋನ್ ಒಳಗೆ ತರಿಸಿದ್ಯಾ?" ಕಾರಾಗೃಹಕ್ಕೆ ಹೋಗಿ ಸು-ಯುನ್‌ಳನ್ನು ಕೇಳಿದಳು.

"ಇಲ್ಲ ಮೇಡಂ."

"ಪೆಟ್ಟಿಗೆಯ ಬೀಗದ ಕೈ?"

"ನನ್ನ ಹತ್ರ ಬೀಗದ ಕೈ ಇದ್ದಿದ್ರೆ ಮೊದಲು ಗೇಟಿಗೆ ಹಾಕಿ ನೋಡ್ತಿದ್ದೆ."

ಕಾನ್‌ಸ್ಟೆಬಲ್ ಪಾನ್ ನಗು ನುಂಗಿಕೊಂಡ. ಸು-ಯುನ್ ನಗಲಿಲ್ಲ. ಭಾನುವಾರ ಅವಳ ಮುಕ್ತ ವಿಶ್ವವಿದ್ಯಾಲಯದ ಪರೀಕ್ಷೆ. ಮುಂದಿನ ತಿಂಗಳು ಎಂಟು ವರ್ಷದ ಮಗಳು ಮೊದಲ ಸಲ ನೋಡಲು ಬರುವವಳಿದ್ದಳು. ಅಪರಾಧ ಸಾಬೀತಾದರೆ ಎರಡೂ ರದ್ದು. ಅಮ್ಮ ಹಡಗಿನ ಅಡುಗೆಮನೆಯಲ್ಲಿ ದುಡಿಯುತ್ತಾಳೆ ಎಂದೇ ಮಗಳು ನಂಬಿದ್ದಳು. ನಿಜ ಹೇಗೆ ಹೇಳಬೇಕೆಂದು ಸು-ಯುನ್ ದಿನವೂ ಟ್ಯಾಬ್‌ನಲ್ಲಿ ವಿಡಿಯೊ ಮಾಡಿಕೊಂಡು ಮಾತಾಡಿ ನೋಡುತ್ತಿದ್ದಳು, ತನ್ನ ಮುಖ ನೋಡಿಕೊಂಡು ಅದನ್ನು ಅಳಿಸಿಬಿಡುತ್ತಿದ್ದಳು.

"ಟ್ಯಾಬಿಗೆ ಏನು ಹೇಳಿದ್ರೂ ಬಾವಿಗೆ ಹೇಳಿದ ಹಾಗೆ, ಯಾರಿಗೂ ಕೇಳ್ಸಲ್ಲ ಅಂತ ಫಾಂಗ್ ಸಾರೇ ಹೇಳಿದ್ರು," ಎಂದಳು. ಫಾಂಗ್ ಯಾವ್-ರೆನ್ ಟ್ಯಾಬ್‌ಗಳನ್ನು ದಾನ ಕೊಟ್ಟ ಟ್ರಸ್ಟಿನ ಮುಖ್ಯಸ್ಥ. ಹೋದ ವರ್ಷ ಪೆಟ್ಟಿಗೆ ಕೂರಿಸಿದ ಮೇಲೆ ಅದರ ಹತ್ತಿರ ತಮ್ಮವರು ಯಾರೂ ಹೋಗಿಲ್ಲ ಎಂದು ಅವನು ಆಗಲೇ ಫೋನಿನಲ್ಲಿ ಹೇಳಿದ್ದ.

ಮಹಜರು ಹನ್ನೊಂದಕ್ಕೆ ಶುರುವಾಯಿತು. ಬಿಚ್ಚಿದರೆ ಗೊತ್ತಾಗಲೆಂದು ಕಾರಾಗೃಹದವರು ಮೊದಲೇ ಟ್ಯಾಬ್‌ಗಳ ಪ್ರತಿ ತಿರುಪಿನ ಮೇಲೂ ಮಿನುಗುವ ಉಗುರುಬಣ್ಣ ಬಳಿದು ಫೋಟೋ ತೆಗೆದಿಟ್ಟಿದ್ದರು. ಮಿನುಗಿನ ಚುಕ್ಕೆಗಳು ಫೋಟೋದಲ್ಲಿದ್ದಂತೆಯೇ ಇದ್ದವು. ಯಾರೂ ಬಿಚ್ಚಿರಲಿಲ್ಲ.

ಪೆಟ್ಟಿಗೆಯ ತಲೆಯ ಮೇಲೆ ತೆಂಗಿನಕಾಯಿ ರುಚಿಯ ಜೋಳದ ಕುರುಕಲಿನ ಹಸಿರು ಪೊಟ್ಟಣವೊಂದು ಕುಳಿತಿತ್ತು. ಪಾನ್ ಕೈ ಚಾಚಿ ಹಿಂತೆಗೆದ. "ಹಸಿವಾಗ್ತಿದೆ ಮೇಡಂ, ಆದ್ರೆ ಇದನ್ನ ತಿಂದ್ರೆ ನಮ್ಮ ಠಾಣೆ ಕಂಪ್ಯೂಟರೂ ಮುನಿಸ್ಕೊಳ್ಳತ್ತೆ."

ಠಾಣೆಯ ಕಂಪ್ಯೂಟರ್ ಮೇಲೂ ಒಂದಿತ್ತು. ಹಸಿರು ಪೊಟ್ಟಣ ಇಟ್ಟರೆ ಯಂತ್ರ ಹೇಳಿದ ಮಾತು ಕೇಳುತ್ತದೆ ಎಂಬುದು ಅಲ್ಲಿನವರ ನಂಬಿಕೆ. ಅವಧಿ ಮುಗಿದದ್ದು ನಡೆಯುವುದಿಲ್ಲ, ಬದಲಾಯಿಸುತ್ತಿರಬೇಕು. ಆದರೆ ಬರೀ ಪ್ಲಗ್ಗುಗಳಿರುವ ಪೆಟ್ಟಿಗೆಗೆ ಯಾರು ಇಡುತ್ತಾರೆ? ಪೇ-ಝೆನ್ ಪೊಟ್ಟಣ ತಿರುಗಿಸಿದಳು. ತಯಾರಾದದ್ದು ಹೋದ ತಿಂಗಳು.

"ಇದನ್ನ ಇಟ್ಟಿದ್ದು ಯಾರು?"

"ಫಾಂಗ್ ಸಾರ್," ಎಂದಳು ವೆಂಗ್. "ಆಗಾಗ ಬರ್ತಾರೆ. ಬಾಗಿಲು ಹಾಕ್ಕೊಂಡು ಇಲ್ಲಿ ಒಬ್ರೇ ಪ್ರಾರ್ಥನೆ ಮಾಡ್ತಾರೆ. ಅಂಥ ದೊಡ್ಡೋರ ಜೇಬು ತಡಕೋಕಾಗತ್ತಾ ಮೇಡಂ?"

ಪೆಟ್ಟಿಗೆಯ ತಳ ಬಿಚ್ಚಿಸಿದರು. ಕೆಳಗೆ ಇನ್ನೊಂದು ತಳವಿತ್ತು, ಅದರಲ್ಲಿ ಒಂದು ಫೋನು. ಪರದೆಯ ಮೇಲೆ ರಾತ್ರಿಯ ಸಂದೇಶ ಹಾಗೇ ಇತ್ತು: ನಿಮ್ಮ ಇಂಟರ್ನೆಟ್ ಪ್ಯಾಕ್ ಮುಗಿಯುತ್ತಿದೆ. ಟ್ಯಾಬ್‌ನಲ್ಲಿ 'ಅಳಿಸು' ಒತ್ತಿದರೆ ಮಾತು ಅಳಿಯುತ್ತಿರಲಿಲ್ಲ, ಬರೀ ಮರೆಯಾಗುತ್ತಿತ್ತು. ರಾತ್ರಿ ಚಾರ್ಜಿನ ತಂತಿಯಲ್ಲೇ ಹರಿದು ಫೋನಿಗೆ ಬಂದು, ಅಲ್ಲಿಂದ ಹೊರಗೆ ಹೋಗುತ್ತಿತ್ತು.

ಸಂಜೆ ಟ್ರಸ್ಟಿನ ಕಚೇರಿಯಲ್ಲಿ ಫಾಂಗ್‌ನ ಕಂಪ್ಯೂಟರ್ ತೆರೆಸಿದರು. ಇಪ್ಪತ್ತು ಹೆಂಗಸರ ಹೆಸರಿನಲ್ಲಿ ಇಪ್ಪತ್ತು ಕಡತಗಳಿದ್ದವು. ಸು-ಯುನ್‌ಳ ವಿಡಿಯೊಗೆ ಪಿಯಾನೊ ಸೇರಿಸಿದ್ದ. ಅವಳು ತೊದಲುವ ಕಡೆ ಮುಖವನ್ನು ದೊಡ್ಡದು ಮಾಡಿದ್ದ. ವರ್ಷಾಂತ್ಯದ ಔತಣದಲ್ಲಿ ಅದನ್ನು ದಾನಿಗಳಿಗೆ ತೋರಿಸಿದ್ದ. ಪೇ-ಝೆನ್ ವಿಡಿಯೊ ನಿಲ್ಲಿಸಿದಳು.

"ಟೀ ಆರತ್ತೆ ಮೇಡಂ, ಕುಡೀರಿ," ಎಂದ ಫಾಂಗ್.

ಅವಳು ಲೋಟವನ್ನು ಪಕ್ಕಕ್ಕೆ ಸರಿಸಿ ಪಾನ್‌ಗೆ ಕಣ್ಣು ಮಾಡಿದಳು. ಕೋಳ ಬಿದ್ದಾಗಲೂ ಫಾಂಗ್‌ಗೆ ತನ್ನ ತಪ್ಪು ತಿಳಿದಂತಿರಲಿಲ್ಲ. ಅವನು ಕೊಟ್ಟ ಹೇಳಿಕೆ ಚಿಕ್ಕದು: "ಕೊಟ್ಟೆ, ಒಳಗೆ ಹೋಯ್ತು, ಬೀಗ ಬಿತ್ತು. ಒಂದು ಥ್ಯಾಂಕ್ಸೂ ಆಚೆ ಬರಲ್ಲ. ಅವರು ಅಳೋದು ನೋಡಿದ್ರೆ ಮಾತ್ರ ನಾನು ಒಳ್ಳೇದು ಮಾಡಿದೀನಿ ಅನ್ಸೋದು. ಅದನ್ನ ನೋಡೋ ಹಕ್ಕೂ ನನಗಿಲ್ವಾ?"

ಮರುದಿನ ಪೇ-ಝೆನ್ ತಾನೇ ಹೋಗಿ ಸು-ಯುನ್‌ಗೆ ತಿಳಿಸಿದಳು. ಆರೋಪ ಬಿದ್ದುಹೋಗಿದೆ, ಪರೀಕ್ಷೆಗೆ ಅಡ್ಡಿಯಿಲ್ಲ, ಮಗಳ ಭೇಟಿಗೂ ಇಲ್ಲ. ವಿಡಿಯೊ ವಿಷಯವನ್ನೂ ಹೇಳಿದಳು. ಮುಚ್ಚಿಟ್ಟರೆ ಒಂದು ದಿನ ಬೇರೆ ಯಾರೋ ಹೇಳುತ್ತಾರೆ.

"ಎಷ್ಟು ಜನ ನೋಡಿದ್ರು?"

"ಮುನ್ನೂರು ಅಂತಿದ್ದಾರೆ."

"ಅತ್ರಾ?"

"ಅತ್ರಂತೆ. ಆಮೇಲೆ ಊಟಕ್ಕೆ ಕೂತ್ರಂತೆ."

ಸು-ಯುನ್ ತನ್ನ ಟಿಪ್ಪಣಿ ಪುಸ್ತಕವನ್ನು ಮೇಜಿನ ಅಂಚಿಗೆ ಸರಿಯಾಗಿ ಜೋಡಿಸಿಟ್ಟಳು. ಪರೀಕ್ಷೆ ಬರೀತೀನಿ, ಆದರೆ ಓದೋಕೆ ಟ್ಯಾಬ್ ಬೇಡ, ಕಾಗದದ ಪುಸ್ತಕ ಕೊಡಿಸಿ ಎಂದಳು.

"ಮಗಳು ಬರ್ತಾಳಲ್ಲ," ಎಂದಳು ಪೇ-ಝೆನ್. "ಆ ಮಾತು ಈಗಲೂ ನಿಮ್ಮದೇ."

"ಅಲ್ಲ ಮೇಡಂ. ಅದನ್ನ ಅವಳು ಮೊದಲು ಕೇಳ್ಬೇಕಿತ್ತು. ಈಗ ಬಾಯಿ ತೆಗೆದ್ರೆ ನನಗೆ ಆ ಊಟದ ತಟ್ಟೆಗಳೇ ಕಾಣ್ಸೋದು." ಟಿಪ್ಪಣಿ ಪುಸ್ತಕ ಎತ್ತಿಕೊಂಡು ಎದ್ದಳು. "ನಮ್ಮಮ್ಮಂಗೆ ತಿಳಿಸಿಬಿಡಿ, ಅವಳನ್ನ ಕರ್ಕೊಂಡು ಬರೋದು ಬೇಡ. ಹಡಗು ಈ ಸಲ ಬಂದರಿಗೆ ಬರಲ್ಲ ಅಂತ ಹೇಳ್ಲಿ."