ಕೂಗದ ಕುಕ್ಕರ್

"ಲೇ ಲೋಹಿತ, ಮುಚ್ಚಳ ಮುಟ್ಟಬ್ಯಾಡ ಅಂದೆ ತಾನೆ? ಪಿನ್ನು ಇನ್ನೂ ಇಳಿದಿಲ್ಲ."

ತಮ್ಮ ಲೋಹಿತ ಕೈ ಹಿಂದಕ್ಕೆ ಎಳೆದುಕೊಂಡ. "ಇಳೀದಿದ್ರೆ ಏನಾಗ್ತೈತೆ?"

"ಒಳಗೆ ಪ್ರೆಶರ್ ಐತೆ ಅಂತ ಅರ್ಥ. ಅದರ ಪಾಡಿಗೆ ಅದೇ ಇಳೀಬೇಕು. ಅದಕ್ಕೆ ನ್ಯಾಚುರಲ್ ರಿಲೀಸ್ ಅಂತಾರೆ."

ಐದನೇ ಕ್ಲಾಸಿನ ಗಂಗಲಕ್ಷ್ಮಿಯ ಗತ್ತು ಇವತ್ತು ಕೇಳುವುದೇ ಬೇಡ. ಕುದಾಪುರದ ಹತ್ತಿರ ಒಂದು ಕ್ಯಾಂಪಸ್ಸಿನ ಕ್ಯಾಂಟೀನಿನಲ್ಲಿ ಅವ್ವನಿಗೆ ಕೆಲಸ. ಅಲ್ಲಿನ ಮೇಡಂ ಒಬ್ಬರು ವರ್ಗವಾಗಿ ಹೋಗುವಾಗ ಈ ಕರೆಂಟ್ ಕುಕ್ಕರ್ ಕೊಟ್ಟಿದ್ದರು. ಅದರ ಮೈಮೇಲೆಲ್ಲ ಇಂಗ್ಲಿಷು. ಯಾವುದಕ್ಕೆ ಏನರ್ಥ ಅಂತ ಅವ್ವ ಕೇಳಿ ಕಲಿತು ಬಂದು ಮಗಳಿಗೂ ಹೇಳಿಕೊಟ್ಟಿದ್ದಳು. ಭಾನುವಾರವಾದರೂ ಅವ್ವನಿಗೆ ಡ್ಯೂಟಿ. ಅಪ್ಪ ಕುರಿ ಹೊಡೆದುಕೊಂಡು ಮೇಯಿಸಲು ಕಾವಲಿಗೆ ಹೋಗಿದ್ದ. ಹಾಗಾಗಿ ಹೊಸ ಕುಕ್ಕರಿನ ಮೊದಲ ಅಡುಗೆಯೇ ಗಂಗಿಯ ಕೈಗೆ ಬಂದಿತ್ತು.

ಹೊರಡುವಾಗ ಅವ್ವ ಹೇಳಿದ್ದಳು. "ಮುದ್ದೆ ಕಟ್ಟಿಟ್ಟೀನಿ. ಹೆಸರುಕಾಳು ಸಾರು ನೀನು ಮಾಡು. ತಾತಂಗೆ ಶುಗರ್ ಐತೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕು. ತಡ ಆಯ್ತೋ, ಇನ್ನೊಂದ್ಸಲ ಕುಕ್ಕರ್ ಮುಟ್ಟಂಗಿಲ್ಲ ನೋಡು."

ಲೋಹಿತ ಮುಚ್ಚಳದ ಮೇಲಿನ ಗುಂಡಿಯನ್ನು ಬಗ್ಗಿ ನೋಡಿದ. "ಇದೇನಕ್ಕಾ?"

"ಈ ಕಡೆ ತಿರುಗಿಸಿದ್ರೆ ಸೀಲಿಂಗ್. ಬಾಯಿ ಮುಚ್ಚೋದು. ಆ ಕಡೆ ತಿರುಗಿಸಿದ್ರೆ ವೆಂಟಿಂಗ್. ಬಾಯಿ ಬಿಟ್ಟು ಹಬೆ ಎಲ್ಲಾ ಹೊರಗೆ ಹಾಕೋದು."

"ಹಂಗಾದ್ರೆ ನೀನು ಯಾವಾಗ್ಲೂ ವೆಂಟಿಂಗ್."

ಗಂಗಿ ಅವನ ತಲೆಗೊಂದು ಮೊಟಕಿದಳು.

ಪಿನ್ನು ಟಪ್ ಅಂತ ಇಳಿಯಿತು. ಮುಚ್ಚಳ ತೆಗೆದರೆ ಕಾಳು ಹದವಾಗಿ ಬೆಂದಿತ್ತು. ಲೋಹಿತನಿಗೆ ಬಡಿಸಿ, ತಾತನ ಪಾಲನ್ನು ಮತ್ತೆ ಮುಚ್ಚಿಟ್ಟಳು. 'ಕೀಪ್ ವಾರ್ಮ್' ಲೈಟು ಉರಿಯುತ್ತಿತ್ತು. ತಾತ ಯಾವಾಗ ಬಂದರೂ ಸಾರು ಬಿಸಿಯಾಗಿರುತ್ತದೆ.

ಆದರೆ ತಾತನ ಸುಳಿವೇ ಇಲ್ಲ. ಬೋರಣ್ಣ ತಾತ ಹಗಲೆಲ್ಲ ಬೀದಿಯಾಚೆ ಕುರಿ ಕೂಡುವ ರೊಪ್ಪದಲ್ಲಿ ಮರಿಗಳನ್ನು ಕಾಯುತ್ತಾ ಕೂರುತ್ತಿದ್ದ. ಊಟದ ಹೊತ್ತಿಗೆ ಯಾರೂ ಕರೆಯದೆ ತಾನೇ ಬರುತ್ತಿದ್ದ. ಇವತ್ತೇನಾಯಿತು?

"ಸಿಟ್ಟು ಬಂದೈತೆ," ಅಂದಳು ಗಂಗಿ. "ಬೆಂಕಿ ಇಲ್ದೆ ಅದೆಂಥ ಸಾರು ಅಂತ ಬೆಳಗ್ಗೆನೇ ಗೊಣಗ್ತಿದ್ದ. ಹಸಿವಾದ್ರೆ ತಾನೇ ಬರ್ತಾನೆ ಬಿಡು."

ಅವಳೂ ಮೂತಿ ಊದಿಸಿಕೊಂಡು ಕೂತಳು. ಲೋಹಿತ ಉಂಡು ಕೈ ತೊಳೆದರೂ ತಾತ ಬರಲಿಲ್ಲ. ಬಿಸಿಲು ನೆತ್ತಿಯಿಂದ ಆ ಕಡೆ ವಾಲಿತು. ಗಂಗಿಗೆ ಅವ್ವನ ಮಾತು ನೆನಪಾಯಿತು. ಎದ್ದವಳೇ ರೊಪ್ಪಕ್ಕೆ ಓಡಿದಳು, ಹಿಂದೆಯೇ ಲೋಹಿತ.

ತಾತ ರೊಪ್ಪದ ಬೇಲಿಗೆ ಒರಗಿ ಕೂತಿದ್ದ. ಹಣೆ ಬೆವರಿತ್ತು, ಕೈ ನಡುಗುತ್ತಿತ್ತು.

"ಲೋಹಿತ, ಬೆಲ್ಲ ತಗೊಂಡ್ ಬಾರೋ, ಜಲ್ದಿ! ತಾತಂಗೆ ಶುಗರ್ ಇಳಿದೈತೆ!"

ಬೆಲ್ಲದ ಚೂರು ಬಾಯಲ್ಲಿ ಕರಗಿದ ಮೇಲೆ ತಾತನ ಕಣ್ಣಿಗೆ ಕಳೆ ಬಂತು.

"ಯಾಕ್ ತಾತ, ಉಣ್ಣಾಕೆ ಬರ್ಲಿಲ್ಲ?"

"ಹೆಂಗ್ ಬರ್ಲವ್ವ? ಕುಕ್ಕರ್ ಇನ್ನೂ ಒಂದ್ಸಲನೂ ಕೂಗಿಲ್ವಲ್ಲ. ಮೊದಲ್ನೇ ಕೂಗಿಗೆ ಮರಿಗಳ್ನ ಕೂಡ್ತೀನಿ. ಎರಡನೇದಕ್ಕೆ ಕೈಕಾಲು ತೊಳೀತೀನಿ. ಮೂರನೇದಕ್ಕೆ ಎದ್ದು ಬರ್ತೀನಿ. ದಿನಾ ಹಂಗೇ ಅಲ್ವಾ?"

"ಇದು ಕೂಗಲ್ಲ ತಾತ."

"ಕೂಗಲ್ವಾ? ಮತ್ತೆ ಬೆಂದಿದ್ದು ಹೆಂಗ್ ಗೊತ್ತಾಗ್ತೈತೆ?"

"ಲೈಟ್ ಹತ್ತುತೈತೆ. ಸಣ್ಣಗೆ ಬೀಪ್ ಅಂತೈತೆ."

"ಅದು ಇಲ್ಲಿಗೆ ಕೇಳ್ತೈತಾ?"

ಹಳೇ ಕುಕ್ಕರಿನ ಕೂಗನ್ನು ತಾತ ಇಲ್ಲಿ ಕೂತು ದಿನವೂ ಎಣಿಸುತ್ತಿದ್ದ ಅಂತ ಗಂಗಿಗೆ ಗೊತ್ತೇ ಇರಲಿಲ್ಲ. ಅಳು ಬಂದಂತಾಯಿತು. ತಾತನ ಕೈ ಹಿಡಿದು ಮನೆಗೆ ಕರೆದುಕೊಂಡು ಹೋಗಿ ಬಡಿಸಿದಳು. ಸಾರು ಬಿಸಿಯಾಗಿಯೇ ಇತ್ತು.

ಸಂಜೆ ಅವ್ವ ಬಂದವಳೇ ಕೇಳಿದಳು. "ತಾತ ಹೊತ್ತಿಗೆ ಉಂಡ್ನಾ?"

"ಉಂಡೆ ಬಿಡವ್ವ. ಸಾರು ಪಸಂದಾಗಿತ್ತು," ಅಂದ ತಾತ, ಗಂಗಿ ಬಾಯಿ ತೆರೆಯುವ ಮೊದಲೇ.

ಅಷ್ಟಕ್ಕೆ ಸುಮ್ಮನಿದ್ದರೆ ಕುಕ್ಕರ್ ಅವಳ ಕೈಯಲ್ಲೇ ಉಳಿಯುತ್ತಿತ್ತು. ಗಂಗಿ ತಾತನ ಕೈ ನೋಡಿದಳು.

"ಇಲ್ಲವ್ವ. ತಡ ಆಯ್ತು. ತಾತಂಗೆ ಕೈ ನಡುಗ್ತಿತ್ತು. ನಾನು ಕರೀಲೇ ಇಲ್ಲ." ನಡೆದದ್ದನ್ನೆಲ್ಲ ಹೇಳಿದಳು.

ಅವ್ವ ಬಯ್ಯಲಿಲ್ಲ, ಕುಕ್ಕರ್ ಮುಟ್ಟಬೇಡ ಅಂತಲೂ ಅನ್ನಲಿಲ್ಲ. ತಾತನ ಪಕ್ಕ ಕುಸಿದು ಕೂತಳು. "ನನಗೂ ಹೊಳೀಲಿಲ್ಲ ನೋಡು," ಅಂದಳು.

ಮರು ಭಾನುವಾರ ಕುಕ್ಕರಿನ ಬಟನ್ ಒತ್ತಿದ ಮೇಲೆ ಗಂಗಿ ಅದರ ಮುಂದೆ ಕೂರಲಿಲ್ಲ. ಸೀದಾ ಬೀದಿ ದಾಟಿ ರೊಪ್ಪಕ್ಕೆ ಹೋದಳು. ತಾತನ ಜೊತೆ ಸೇರಿ ಮರಿಗಳನ್ನು ಒಂದೊಂದಾಗಿ ಒಳಗೆ ಕೂಡಿದಳು. ಅವನ ಕೈಗೆ ಚೊಂಬಿನಿಂದ ನೀರು ಹೊಯ್ದಳು.

"ಏಳು ತಾತ, ಊಟಕ್ಕೆ ಹೋಗಾನ."

"ಇನ್ನೂ ಬೆಂದಿರಲ್ಲ ಕಣೆ."

"ಬೇಯ್ಲಿ ಬಿಡು," ಅಂದಳು ಗಂಗಿ, ಅವನಿಗೆ ಹೆಗಲು ಕೊಡುತ್ತಾ. "ನಿಧಾನ ಹೋಗಾನ."